ಬೇಲಿಯಾಚೆಯ ಹುಲ್ಲು

ನ್ಯಾಯ ಕೇಳಲು ಹೋಗಿ ನಗೆಪಾಟಲಾಗುವುದು ನನಗೆ ವಾರದ ರಜೆಯಷ್ಟೇ ಖಾಯಂ. ದೋಹಾದ ನಜ್ಮಾದಲ್ಲಿ ರೂಮು ಹಂಚಿಕೊಂಡಿರುವ ನಾವು ಹನ್ನೊಂದು ಮಂದಿ ಕರಾವಳಿಯವರು ಶುಕ್ರವಾರ ಬೆಳಿಗ್ಗೆ ಉಮ್ಮ್ ಸಲಾಲ್ ಕಡೆ ಕ್ರಿಕೆಟ್ ಆಡುತ್ತೇವೆ. ನಮ್ಮದು ಕಲ್ಲು, ಮರಳು. ಬೇಲಿಯಾಚೆ ಬೇಸ್‌ಬಾಲ್ ಮೈದಾನ: ಹಸಿರು ಹುಲ್ಲು, ನೆರಳು, ತಣ್ಣೀರಿನ ಯಂತ್ರ. ನನಗೆ ಹೊಟ್ಟೆಯುರಿ. ಮುಚ್ಚಿಡುವುದೇಕೆ?

ಚೆಂಡು

ಚೆಂಡು ಬೇಲಿ ದಾಟಿದರೆ ಔಟ್, ನಮ್ಮ ನಿಯಮ. ಬಿಸಿಲು ಏರಿದಂತೆ ಎಲ್ಲರೂ ಬೇಕೆಂದೇ ಔಟಾಗತೊಡಗಿದರು. ಒಂದು ಚೆಂಡು ತರಲು ನಾಲ್ವರು ಹೋಗುತ್ತಿದ್ದರು, ಖಾಲಿ ಬಾಟಲಿ ಹಿಡಿದು.

ಅರ್ಜಿ

ಈ ಭಿಕ್ಷೆ ಸಾಕೆಂದು ನಾನೇ ಅರ್ಜಿ ಬರೆದೆ: "ನಮಗೂ ಅಂಥದೇ ಮೈದಾನ ಸಿಗುವವರೆಗೆ ನಮ್ಮಲ್ಲಿ ಯಾರೂ ಆ ಹುಲ್ಲು ತುಳಿಯುವುದಿಲ್ಲ. ತುಳಿದವನು ದ್ರೋಹಿ."

"ನೀರಿಗೂ ಹೋಗ್ಲಿಕ್ಕಿಲ್ವಾ ಮಾರಾಯಾ?" ವಿಕೆಟ್‌ಕೀಪರ್ ಕೇಳಿದ.

"ಮಾಫಿ," ಎಂದೆ, ಇಲ್ಲಿನ ಅರಬಿಯಲ್ಲಿ 'ಇಲ್ಲ' ಅಂತ. ಗೊಣಗುತ್ತಲೇ ಎಲ್ಲರೂ ಸಹಿ ಹಾಕಿದರು.

ಆಚೆಯ ಫಿಲಿಪಿನೊ ಕ್ಯಾಪ್ಟನ್ನಿಗೆ ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವನು ತಲೆಯಾಡಿಸಿ, ಒಂದು ಪೆಟ್ಟಿಗೆ ತಣ್ಣನೆಯ ನೀರಿನ ಬಾಟಲಿ ಕಳಿಸಿದ. ಶತ್ರು ಒಳ್ಳೆಯವನಾದರೆ ಹೋರಾಟ ಕಷ್ಟ. ಎಲ್ಲರೂ ಕುಡಿದರು. ನಾನೂ ಕುಡಿದೆ, ಸಿಟ್ಟಿನಿಂದಲೇ.

ಬ್ಯಾಟು

ಮುಂದಿನ ವಾರ ಅದೇ ಕ್ಯಾಪ್ಟನ್ ಬೇಲಿಯ ಹತ್ತಿರ ಬಂದ. "ಒಬ್ಬ ಆಟಗಾರ ಕಡಿಮೆ. ಆಡದಿದ್ದರೆ ಪಂದ್ಯ ಹೋಗುತ್ತದೆ. ಯಾರಾದರೂ ಬರುತ್ತೀರಾ?"

ಖಡಾಖಂಡಿತವಾಗಿ ಇಲ್ಲವೆನ್ನಲಿ ಎಂದು ನಮ್ಮವರೆಲ್ಲ ನನ್ನತ್ತ ತಿರುಗಿದರು. ನಾನು ಆಗಲೇ ಬೇಲಿಯ ಮೇಲಿದ್ದೆ.

ಬಂದ ಮೊದಲ ಚೆಂಡಿಗೇ ಬೀಸಿದೆ. ದೂರ ಹೋಯಿತು. ಅವರ ಆಟದಲ್ಲಿ ಬ್ಯಾಟು ಬಿಸಾಕಿ ಒಂದು ಬೇಸ್‌ನಿಂದ ಮುಂದಿನ ಬೇಸ್‌ಗೆ ಓಡಬೇಕಂತೆ. ನಾನು ಬ್ಯಾಟು ಹಿಡಿದೇ ಓಡಿ, ಮೊದಲ ಬೇಸ್‌ಗೆ ಅದನ್ನು ಚಾಚಿ ತಾಗಿಸಿ, ಎರಡನೇ ರನ್ನಿಗೆಂದು ತಿರುಗಿ ಹೊರಟಲ್ಲಿಗೇ ಓಡಿ ಬಂದೆ. ಎದುರಾಳಿಗಳು ನಕ್ಕೂ ನಕ್ಕೂ ಹುಲ್ಲಿನ ಮೇಲೆ ಬಿದ್ದಿದ್ದರು. ಔಟ್ ಮಾಡಲು ಯಾರಿಗೂ ಕೈ ಏಳಲಿಲ್ಲ.

ರೂಮಿಗೆ ಬಂದರೆ ಬಾಗಿಲಲ್ಲಿ ಅರ್ಜಿ. ಒಕ್ಕಣೆ ನನ್ನದೇ, ದ್ರೋಹಿ ಎಂಬಲ್ಲಿ ನನ್ನ ಹೆಸರು. ಟೀಮಿನಿಂದ ತೆಗೆಯಬೇಕೆಂಬುದು ಬೇಡಿಕೆ. ಕೆಳಗೆ ಹತ್ತು ಸಹಿ.

"ಹುಲ್ಲು ಮೆತ್ತಗೆ ಉಂಟಾ?" ವಿಕೆಟ್‌ಕೀಪರ್ ಮುಖ ತಿರುಗಿಸಿಕೊಂಡೇ ಕೇಳಿದ.

"ತುಂಬ."

ಅರ್ಜಿಯನ್ನು ಎರಡು ಸಲ ಓದಿದೆ. ಬೇಡಿಕೆ ನ್ಯಾಯವಾಗಿಯೇ ಇತ್ತು. ಹನ್ನೊಂದನೆಯ ಸಹಿ ಹಾಕಿದೆ.