ಫಾಲಾಕ್ಷನ ಮೇಲೊಂದು ದೂರು

ಶನಿವಾರ ಬೆಳಿಗ್ಗೆ ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಪಾರ್ಸೆಲ್ ತಂದ ಅಮರೇಶ ಬೈಕು ನಿಲ್ಲಿಸಿ, ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಪಟಾಲಮ್ಮನನ್ನು ಕೇಳಿದ.

"ಯವ್ವಾ, ಶಿವಕಿರಣ್ ಅನ್ನೋರ ಮನಿ ಎಲ್ಲಿ ಬರ್ತೈತ್ರಿ?"

"ಶಿವಕಿರಣಾ? ಆ ಹೆಸ್ರಿನೋರು ಈ ರೋಡಲ್ಲಿ ಯಾರೂ ಇಲ್ಲ ಕಣಪ್ಪ."

"ಫಿಸಿಕ್ಸ್ ಲೆಕ್ಚರರ್ ಅಂತ ಅಡ್ರೆಸ್‌ನಾಗ ಬರ್ದಾರ ನೋಡ್ರಿ."

"ಅಯ್ಯೋ, ಫಾರ್ಮುಲಾ ಫಾಲಾಕ್ಷ ಅನ್ನಬಾರ್ದಾ ಮೊದ್ಲೇ! ಅಗೋ, ಹಸಿರು ಗೇಟು."

ಹಸಿರು ಗೇಟಿನ ಹಿಂದೆ ನಿಂತಿದ್ದ ಶಿವಕಿರಣ್‌ಗೆ ಇದೆಲ್ಲ ಚೆನ್ನಾಗಿ ಕೇಳಿಸಿತು. ಅವನಿಗೆ ಈಗ ಮೂವತ್ತು ವರ್ಷ. ಹುಟ್ಟಿದ್ದು, ಬೆಳೆದದ್ದು, ಚಿನ್ನದ ಪದಕ ತಂದು ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದ್ದು, ಎಲ್ಲವೂ ಇದೇ ರಸ್ತೆಯಲ್ಲಿ. ಪಟಾಲಮ್ಮನೂ ಅವತ್ತು ಎರಡು ಪೀಸು ತಿಂದಿದ್ದಳು. ಮೂವತ್ತು ವರ್ಷ ಇದ್ದ ಹೆಸರನ್ನು ಒಂದು ಟಿವಿ ಸೀರಿಯಲ್ಲು ಆರು ತಿಂಗಳಲ್ಲಿ ಗುಡಿಸಿ ಮೂಲೆಗೆ ಹಾಕಿತ್ತು.

'ಮೂರನೇ ಮಹಡಿ ಮಂದಿ' ಸೋಮವಾರದಿಂದ ಶನಿವಾರದವರೆಗೆ ರಾತ್ರಿ ಎಂಟಕ್ಕೆ ಬರುವ ಹಾಸ್ಯ ಧಾರಾವಾಹಿ. ಅದರಲ್ಲಿ ಫಾಲಾಕ್ಷ ಎಂಬ ವಿಜ್ಞಾನದ ಮೇಷ್ಟ್ರು. ದಪ್ಪ ಕನ್ನಡಕ, ಎಣ್ಣೆ ಸುರಿಯುವ ಕ್ರಾಪು, ಜೇಬಿನಲ್ಲಿ ನಾಲ್ಕು ಪೆನ್ನು. ಹುಡುಗಿಯನ್ನು ಕಂಡರೆ ತೊದಲುತ್ತಾನೆ, ಕಾಫಿ ಕೊಟ್ಟರೆ ಚೆಲ್ಲುತ್ತಾನೆ, ಚೆಲ್ಲಿದ ಕಾಫಿಗೆ ಸೂತ್ರ ಹೇಳುತ್ತಾನೆ. ಸೂತ್ರ ಬಾಯಿಂದ ಹೊರಬಿದ್ದ ಕೂಡಲೇ ಹಿಂದಿನಿಂದ ಯಂತ್ರದ ನಗು ಬರುತ್ತದೆ. ಶಿವಕಿರಣ್‌ಗೂ ಕನ್ನಡಕ ಇತ್ತು, ಪೆನ್ನುಗಳಿದ್ದವು. ಬೀದಿಗೆ ಅಷ್ಟು ಸಾಕಾಯಿತು.

ಅವನು ಸುಮ್ಮನೆ ಕೂತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು ತಂದು, ಒಂದೊಂದು ಸಂಚಿಕೆಯಲ್ಲೂ ಓದಿದವರಿಗೆ ಆದ ಅವಮಾನಗಳನ್ನು ನಿಮಿಷದ ಸಮೇತ ಬರೆದಿಡತೊಡಗಿದ. ಕೆಲಸ ಅಚ್ಚುಕಟ್ಟಾಗಿರಬೇಕು ಎಂಬುದು ಅವನ ರಕ್ತದಲ್ಲೇ ಇತ್ತು. ರಾತ್ರಿ ಎಂಟಕ್ಕೆ ಒಮ್ಮೆ ನೋಡುವುದು ಸಿಟ್ಟು ಬರಲಿಕ್ಕೆ, ಬೆಳಿಗ್ಗೆ ಏಳರ ಮರುಪ್ರಸಾರ ಬರೆದುಕೊಳ್ಳಲಿಕ್ಕೆ, ಸಂಜೆ ಐದರದ್ದು ಬರೆದದ್ದು ಸರಿಯೇ ಎಂದು ತಾಳೆ ನೋಡಲಿಕ್ಕೆ. ಅವನು ಟಿವಿ ಮುಂದೆ ಕೂತಾಗಲೆಲ್ಲ ಅವನ ತಾಯಿ ಗಿರಿಜಾದೇವಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು, ಕೇಬಲ್ಲಿನವರು ಕೊಟ್ಟದ್ದೆಂದು ಹೇಳಿದ್ದ ಚಿಕ್ಕ ರಿಮೋಟಿನಲ್ಲಿ ಏನೋ ಒತ್ತಿ ಹೋಗುತ್ತಿದ್ದರು. ಕಪ್ಪುಕುಳಿಯ ಒಳಗೆ ಏನಾಗುತ್ತದೆಂದು ಎರಡು ಗಂಟೆ ವಿವರಿಸಬಲ್ಲ ಮಗ, ತನ್ನ ಟಿವಿಯ ಪಕ್ಕದ ಡಬ್ಬಿ ಏನೆಂದು ಒಂದು ದಿನವೂ ಕೇಳಿರಲಿಲ್ಲ.

ಇವತ್ತಿನ ವಿಷಯ ಮಾತ್ರ ಬೇರೆ. ತುಮಕೂರಿನ ಐಶ್ವರ್ಯ ಎಂಬ ಹುಡುಗಿಯ ಸಂಬಂಧ ಬಂದಿತ್ತು. ಫೋಟೋ ನೋಡಿದಾಗಿನಿಂದ ಶಿವಕಿರಣ್ ಊಟದ ಮಧ್ಯೆ ಸುಮ್ಮಸುಮ್ಮನೆ ನಗುತ್ತಿದ್ದ. ಆದರೆ ಹುಡುಗ, ಹುಡುಗಿ ಮುಖ ನೋಡುವ ಮೊದಲು ಹುಡುಗಿಯ ಕಡೆಯ ಹಿರಿಯರೊಬ್ಬರು ಬಂದು, ಹುಡುಗನ ಬೀದಿಯಲ್ಲಿ, ಅಂಗಡಿಯಲ್ಲಿ ಅವನ ಬಗ್ಗೆ ಮೆಲ್ಲಗೆ ವಿಚಾರಿಸಿಕೊಂಡು ಹೋಗುವುದು ವಾಡಿಕೆ. ಐಶ್ವರ್ಯಳ ಸೋದರಮಾವ ಗುರುಸಿದ್ದಯ್ಯನವರು ಭಾನುವಾರ ಬರುವುದಾಗಿ ತಿಳಿಸಿದ್ದರು. ಅವರು ಬಂದು "ಶಿವಕಿರಣ್ ಹೇಗೆ?" ಎಂದು ಕೇಳಿ, ಬೀದಿ "ಯಾರು, ಫಾಲಾಕ್ಷನಾ?" ಎಂದು ನಕ್ಕರೆ ಗತಿಯೇನು?

ಪಾರ್ಸೆಲ್ಲಿನಲ್ಲಿದ್ದದ್ದು ಟೀ ಶರ್ಟು. ಜೇಬಿಲ್ಲದ ಬಟ್ಟೆ ಹಾಕಿದರೆ ಪೆನ್ನಿಡುವ ಪ್ರಶ್ನೆಯೇ ಬಾರದು ಎಂದು ಯೋಚಿಸಿಯೇ ತರಿಸಿದ್ದು. ಹಾಕಿಕೊಂಡು ಕನ್ನಡಿ ನೋಡಿದ. ಪೆನ್ನುಗಳು ಅಭ್ಯಾಸಬಲದಿಂದ ಕುತ್ತಿಗೆಯ ಪಟ್ಟಿಗೆ ಸಿಕ್ಕಿಕೊಂಡಿದ್ದವು.

"ಇದಕ್ಕೆಲ್ಲ ಒಂದೇ ಮದ್ದು ಕಣೋ," ಎಂದರು ಕಾಂಪೌಂಡಿನ ಆಚೆಯಿಂದ ಚಕ್ರಪಾಣಿ. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಪಕ್ಕದ ಮನೆಯವರು. ಮೊಹರು ಬಿದ್ದ ಕಾಗದದಿಂದ ಸರಿಹೋಗದ ಕಷ್ಟ ಭೂಮಿಯ ಮೇಲಿಲ್ಲ ಎಂದು ನಂಬಿದವರು. "ಆ ಸೀರಿಯಲ್ಲು ತೆಗೆಯೋದು ಇಲ್ಲೇ ನಾಯಂಡಹಳ್ಳಿ ಗೋಡೌನಲ್ಲಿ. ಈಗ್ಲೇ ಹೋಗೋಣ. 'ಫಾಲಾಕ್ಷನಿಗೂ ಶಿವಕಿರಣ್ ಅವರಿಗೂ ಯಾವ ಸಂಬಂಧವೂ ಇಲ್ಲ' ಅಂತ ಲೆಟರ್‌ಹೆಡ್ಡಲ್ಲಿ ಬರೆಸಿ ಸೀಲು ಒತ್ತಿಸೋಣ. ತಂದು ಗೇಟಿಗೆ ಅಂಟಿಸು."

"ನಾನೂ ಬರ್ತೀನಿ," ಎಂದರು ಎದುರುಮನೆಯ ರಾಗಿಣಿ ಆಂಟಿ.

"ದೂರು ಕೊಡೋಕಾ ಆಂಟಿ?"

"ದೂರು ನೀವು ಕೊಡಿ. ಫಾಲಾಕ್ಷನ ಜೊತೆ ನಂಗೊಂದು ಸೆಲ್ಫಿ ಬೇಕಿತ್ತು."

ಮೂವರೂ ಮೆಟ್ರೋ ಹತ್ತಿದರು. ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಶಿವಕಿರಣ್‌ನ ಕುತ್ತಿಗೆಯ ನಾಲ್ಕು ಪೆನ್ನುಗಳನ್ನು ನೋಡಿ ಪಕ್ಕದವಳನ್ನು ತಿವಿದಳು. ಅವನು ಪೆನ್ನುಗಳನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಕೈಯಲ್ಲಿ ಹಿಡಿದಾಗ ಇನ್ನೂ ಚೆನ್ನಾಗಿ ಕಾಣುತ್ತಿದ್ದವು.

ಗೋಡೌನಿನ ಗೇಟಿನಲ್ಲಿದ್ದ ಸೆಕ್ಯೂರಿಟಿಯವನು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಡ್ಯೂಪ್ ತಾನೆ? ಎಷ್ಟೊತ್ತು ಗುರು! ಒಳಗೆ ಕೂಗಾಡ್ತಾ ಇದಾರೆ, ಓಡು," ಎಂದ.

"ನಾನು ಡ್ಯೂಪ್ ಅಲ್ಲ. ನಾನು ಆಕ್ಷೇಪಣೆ..."

"ಅವ್ನು ಡ್ಯೂಪ್ ಅಲ್ಲಪ್ಪ, ಒರಿಜಿನಲ್ಲು," ಎಂದು ಚಕ್ರಪಾಣಿ ಹೆಮ್ಮೆಯಿಂದ ಹೇಳಿದರು. ಸಹಾಯ ಮಾಡುವ ಉತ್ಸಾಹದಲ್ಲಿ ಅವರು ಯಾವತ್ತೂ ಯೋಚಿಸಿ ಮಾತಾಡಿದವರಲ್ಲ.

ಮುಂದಿನ ಐದು ನಿಮಿಷ ಶಿವಕಿರಣ್‌ನ ಮಾತನ್ನು ಯಾರೂ ಕೇಳಲಿಲ್ಲ. ಯಾರೋ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಇನ್ಯಾರೋ ತಲೆಯ ಮೇಲೆ ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಸುರಿದು ಬೈತಲೆ ತೆಗೆದರು. ಪಕ್ಕದ ಕುರ್ಚಿಯಲ್ಲಿ ಜಿಮ್ಮಿನ ಮೈಯ ಸುಂದರನೊಬ್ಬ ಕನ್ನಡಕ ಕಳಚಿಟ್ಟು ಫೋನಿನಲ್ಲಿ ಯಾವಳೋ ಹುಡುಗಿಯ ಜೊತೆ ಒಂದಿಷ್ಟೂ ತೊದಲದೆ ಮಾತಾಡುತ್ತಿದ್ದ. ಅವನೇ ಫಾಲಾಕ್ಷ. ರಾಗಿಣಿ ಆಂಟಿ ಆಗಲೇ ಅವನ ಪಕ್ಕ ನಿಂತು ಮೂರನೇ ಸೆಲ್ಫಿ ತೆಗೆಯುತ್ತಿದ್ದರು.

"ನಾನು ಫಾಲಾಕ್ಷ ಅಲ್ಲ! ನಾನು ಅವನ ವಿರೋಧಿ!" ಎಂದು ಶಿವಕಿರಣ್ ಕುರ್ಚಿಯಿಂದ ಎದ್ದು ಕೂಗಿದ. ಲೈಟಿನವರೆಲ್ಲ ಚಪ್ಪಾಳೆ ತಟ್ಟಿದರು.

ಆ ಗಲಾಟೆಗೆ ಒಳಗಿನಿಂದ ಮಂಜುನಾಥ್ ಹೊರಬಂದರು. ಧಾರಾವಾಹಿಯ ಹೊಣೆ ಹೊತ್ತವರು, ಒಳ್ಳೆಯ ಮನುಷ್ಯ. ವಿಷಯ ಕೇಳಿ, ಮೂವರನ್ನೂ ಕೋಣೆಗೆ ಕರೆದು ಟೀ ತರಿಸಿದರು. ಅಲ್ಲಿ ಸಂಭಾಷಣೆ ಬರೆಯುವ ನಾಲ್ಕು ಜನ ಕೂತಿದ್ದರು. ಶಿವಕಿರಣ್ ಹಣೆಗಿಳಿಯುತ್ತಿದ್ದ ಎಣ್ಣೆ ಒರೆಸಿಕೊಂಡು ನೋಟ್‌ಬುಕ್ಕು ತೆರೆದ.

"ಸಂಚಿಕೆ ನಲವತ್ತೇಳು. ಏಳನೇ ನಿಮಿಷ. ಫಾಲಾಕ್ಷ 'ನೀರು ನೂರು ಡಿಗ್ರಿಗೆ ಕುದಿಯುತ್ತೆ' ಅಂತಾನೆ. ನಗು, ಆರು ಸೆಕೆಂಡು. ಇದರಲ್ಲಿ ಜೋಕ್ ಎಲ್ಲಿದೆ ಸಾರ್? ನೀರು ಅಷ್ಟಕ್ಕೇ ಕುದಿಯೋದು!"

ಬರೆಯುವ ನಾಲ್ವರೂ ಹೊಟ್ಟೆ ಹಿಡಿದುಕೊಂಡರು.

"ಸಂಚಿಕೆ ಐವತ್ತೆರಡು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಎತ್ತರ ಇರೋದ್ರಿಂದ ನೂರಕ್ಕಿಂತ ಸ್ವಲ್ಪ ಕಡಿಮೆಗೇ ಕುದಿಯುತ್ತೆ ಅಂತ ಅವನೇ ತಿದ್ದಿಕೊಳ್ತಾನೆ. ಅದೂ ಸರಿ. ಅದಕ್ಕೂ ನಗು, ಒಂಬತ್ತು ಸೆಕೆಂಡು!"

ಒಬ್ಬ ಕುರ್ಚಿಯಿಂದ ಕೆಳಗೆ ಬಿದ್ದ. ಇನ್ನೊಬ್ಬ ಗಡಿಬಿಡಿಯಲ್ಲಿ ಇವನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಶಿವಕಿರಣ್ ನೋಟ್‌ಬುಕ್ಕು ಮುಚ್ಚಿದ.

"ಅವನು ತಪ್ಪು ಹೇಳ್ದಾಗ ನೀವು ನಗಿಸಿ, ನಾನೂ ನಗ್ತೀನಿ. ಸರಿ ಹೇಳ್ದಾಗಲೇ ಯಾಕೆ ನಗಿಸ್ತೀರಿ? ನನ್ನ ಕ್ಲಾಸಲ್ಲಿ ಶಿವಾನಿ ಅಂತ ಹುಡುಗಿ ಇದಾಳೆ. ಏನೇ ಕೇಳಿದ್ರೂ ಮೊದ್ಲು ಅವಳೇ ಕೈ ಎತ್ತೋಳು. ಹೋದ ತಿಂಗಳು ಉತ್ತರ ಹೇಳಿದ ತಕ್ಷಣ ಹಿಂದಿನ ಬೆಂಚಿನೋರು ನಿಮ್ಮ ಸೀರಿಯಲ್ಲಿನ ನಗೂನ ಫೋನಲ್ಲಿ ಹಾಕಿದ್ರು. ಅವತ್ತಿಂದ ಅವಳು ಕೈ ಎತ್ತಿಲ್ಲ ಸಾರ್. ಉತ್ತರ ಗೊತ್ತಿದ್ರೂ ತಲೆ ಬಗ್ಗಿಸಿ ಕೂತಿರ್ತಾಳೆ."

ಯಾರೂ ನಗಲಿಲ್ಲ. ಮಂಜುನಾಥ್ ಟೀ ಲೋಟ ಪಕ್ಕಕ್ಕಿಟ್ಟರು.

"ನನ್ನ ಮಗಳೂ ಓದೋಳೇ ಸಾರ್. ನಿಜ ಹೇಳ್ತೀನಿ, ನಮಗೂ ಸಾಕಾಗಿತ್ತು. ಈ ತಿಂಗಳ ಕೊನೆಗೆ ಸೀರಿಯಲ್ ನಿಲ್ಲಿಸೋದು ಅಂತ ತೀರ್ಮಾನ ಮಾಡಿ ಎಲ್ರಿಗೂ ಹೇಳಿಬಿಟ್ಟಿದ್ವಿ."

ಶಿವಕಿರಣ್‌ನ ಮುಖ ಅರಳಿತು. ಚಕ್ರಪಾಣಿ ಅವನ ಬೆನ್ನು ತಟ್ಟಿ, ತಟ್ಟಿದ ಕೈಗೆ ಅಂಟಿದ ಎಣ್ಣೆಯನ್ನು ಕುರ್ಚಿಗೆ ಒರೆಸಿದರು.

"ಆದ್ರೆ ಹೋದ ವಾರ ರಿಪೋರ್ಟ್ ಬಂತು," ಎಂದರು ಮಂಜುನಾಥ್. "ಸಂಕ್ರಾಂತಿ ಆದಮೇಲೆ ನಮ್ಮನ್ನ ನೋಡೋರು ಯಾರು ಗೊತ್ತಾ? ಡಬಲ್ ಡಿಗ್ರಿ ಮಾಡಿರೋ, ಮೂವತ್ತರ ಆಸುಪಾಸಿನ ಗಂಡಸರು! ಅದೂ ನಿಮ್ಮ ವಿಜಯನಗರದ ಕಡೇನೇ. ಬೆಳಿಗ್ಗೆ, ಸಂಜೆ, ರಾತ್ರಿ, ಮೂರು ಹೊತ್ತೂ ಬಿಡದೆ ನೋಡ್ತಾರೆ. ಅಂಥೋರು ಟಿವಿ ಮುಂದೆ ಕೂರೋದೇ ಅಪರೂಪ, ಜಾಹೀರಾತಿನೋರು ಬಿಡ್ತಾರಾ? ಸೋಮವಾರದಿಂದ ಅರ್ಧ ಗಂಟೆ ಇದ್ದದ್ದು ಒಂದು ಗಂಟೆ. ಫಾಲಾಕ್ಷನೇ ಹೀರೋ."

"ಓದಿದೋರು ಇದನ್ನ ನೋಡ್ತಾರಾ? ಸಾಧ್ಯವೇ ಇಲ್ಲ!"

"ಲೆಕ್ಕ ಸುಳ್ಳು ಹೇಳಲ್ಲ ಅಂತ ನೀವೇ ಪಾಠ ಮಾಡ್ತೀರಲ್ಲ ಸಾರ್."

ಚಕ್ರಪಾಣಿ ಸೀಲಿನ ಕಾಗದ ಕೇಳಿದಾಗ, ಫಾಲಾಕ್ಷನಿಗೆ ಯಾರ ಜೊತೆಗೂ ಸಂಬಂಧವಿಲ್ಲ ಎಂದು ಬರೆದುಕೊಟ್ಟರೆ ಮುಂದೆ ಅವನ ಮದುವೆಯ ಕತೆ ತೆಗೆಯಲಾಗುವುದಿಲ್ಲ ಎಂದು ಬರೆಯುವವರು ಆಕ್ಷೇಪಿಸಿದರು. ಕೊನೆಗೆ ಮಂಜುನಾಥ್, ಬರಿಗೈಯಲ್ಲಿ ಕಳಿಸಬಾರದೆಂದು, ಫಾಲಾಕ್ಷ ಸಹಿ ಮಾಡಿದ ದೊಡ್ಡ ಫೋಟೋ ಒಂದನ್ನು ಕೊಟ್ಟರು. ಚಕ್ರಪಾಣಿಯವರ ಒತ್ತಾಯಕ್ಕೆ ಅದರ ಮೇಲೆ ಸೀಲೂ ಒತ್ತಿದರು.

ರಾಗಿಣಿ ಆಂಟಿ ದಿನವಿಡೀ ಶೂಟಿಂಗ್ ನೋಡಿ ಮುಗಿಸುವವರೆಗೆ ಕಾಯಬೇಕಾಯಿತು. ವಾಪಸು ಬರುವಾಗ ದಾರಿಯುದ್ದಕ್ಕೂ ಶಿವಕಿರಣ್ ಆ ಡಬಲ್ ಡಿಗ್ರಿ ಮೂರ್ಖರನ್ನು ಶಪಿಸುತ್ತಲೇ ಇದ್ದ. ಕನಿಷ್ಠ ನಾಳೆ ಬೀದಿಯವರ ಕಾಲು ಹಿಡಿದಾದರೂ ತನ್ನ ಹೆಸರನ್ನು ಬಾಯಿಪಾಠ ಮಾಡಿಸಬೇಕು ಎಂದುಕೊಂಡ. ಏಳೂವರೆಗೆ ಮನೆ ಸೇರಿದಾಗ ಗಿರಿಜಾದೇವಿ ದೀಪ ಹಚ್ಚಿ ಸಪ್ಪಗೆ ಕೂತಿದ್ದರು.

"ಗುರುಸಿದ್ದಯ್ಯನೋರು ಬಂದಿದ್ರು ಕಣೋ."

"ನಾಳೆ ಅಲ್ವೇನಮ್ಮ?"

"ಹೇಳಿದ ದಿನಕ್ಕೇ ಬಂದ್ರೆ ವಿಚಾರಿಸಿದ ಹಾಗೆ ಆಗುತ್ತಾ? ಮಧ್ಯಾಹ್ನವೇ ಪಟಾಲಮ್ಮನ ಹತ್ರ ನಿಂತು ಕೇಳ್ಕೊಂಡು ಹೋಗಿದಾರೆ. ಸಂಜೆ ಫೋನ್ ಬಂತು. ಬೇಡ್ವಂತೆ."

ಶಿವಕಿರಣ್ ಕೈಲಿದ್ದ ಫೋಟೋವನ್ನು ಗೋಡೆಗೆ ಒರಗಿಸಿದ. "ಫಾಲಾಕ್ಷ ಅಂದ್ಲಾ ಅವಳು?"

"ಅಂದ್ಲು. ಅದರಿಂದ ಅವ್ರಿಗೇನೂ ಬೇಜಾರಿಲ್ವಂತೆ. ಬಂಗಾರದಂಥ ಹುಡುಗ, ಕುಡಿಯಲ್ಲ, ಸೇದಲ್ಲ ಅಂತಾನೂ ಹೇಳಿದ್ಲಂತೆ. 'ಚಟ ಅಂದ್ರೆ ಒಂದೇ ಸ್ವಾಮಿ, ಆ ಫಾಲಾಕ್ಷನ ಸೀರಿಯಲ್ಲು. ದಿನಕ್ಕೆ ಮೂರು ಸಲ, ಒಂದಿನಾನೂ ತಪ್ಸಲ್ಲ, ಸೌಂಡು ನನ್ನ ಹೂವಿನ ಬುಟ್ಟಿ ತಂಕ ಬರುತ್ತೆ' ಅಂದ್ಲಂತೆ."

"ಅದಕ್ಕೇನೀಗ?"

"ಆ ಹುಡುಗಿ ಕಾಲೇಜಲ್ಲಿ ಕೆಮಿಸ್ಟ್ರಿ ಮೇಡಮ್ಮು ಅಲ್ವಾ. ಆ ಸೀರಿಯಲ್ ಹೆಸ್ರು ಎತ್ತಿದ್ರೆ ಉರಿದು ಬೀಳ್ತಾಳಂತೆ. ಓದೋ ಮಕ್ಕಳು ನಾಚ್ಕೊಳ್ಳೋ ಹಾಗೆ ಮಾಡ್ತಿದಾರೆ ಅಂತ ಚಾನೆಲ್‌ಗೆ ಎರಡು ಸಲ ಕಾಗದ ಬರ್ದಿದಾಳಂತೆ. ಆಸ್ತಿ ಗೀಸ್ತಿ ಏನೂ ಕೇಳ್ಬೇಡ ಮಾವ, ಆ ಮನೇಲಿ ಆ ಸೀರಿಯಲ್ ನೋಡ್ತಾರಾ ಅಂತ ಒಂದು ಮಾತು ಕೇಳ್ಕೊಂಡು ಬಾ ಅಂತ ಕಳ್ಸಿದ್ಲಂತೆ."

ಶಿವಕಿರಣ್ ನೆಲದ ಮೇಲೆಯೇ ಕೂತುಬಿಟ್ಟ. ಇಡೀ ನಾಡಿನಲ್ಲಿ ತನ್ನ ಹಾಗೆ ಯೋಚಿಸುವ ಜೀವ ಒಂದಿತ್ತು. ಅದು ತನ್ನ ಬೀದಿಯ ಮೂಲೆಯವರೆಗೆ ಬಂದು, ತಿರುಗಿ ಹೋಗಿತ್ತು.

"ಬೈಯೋಕೇ ನೋಡ್ತಿದ್ದ ಅಂತ ಹೇಳ್ಬಾರ್ದಿತ್ತಾ ಅಮ್ಮ?"

"ಹೇಳ್ದೆ ಕಣೋ. ಬೈಯೋಕೆ ಒಂದು ಸಲ ನೋಡಿದ್ರೆ ಸಾಲ್ದಾ ಅಂದ್ರು."

ದುಃಖ ಸಿಟ್ಟಾಗಿ ತಿರುಗಿತು. ಅವನು ಎದ್ದು ಟಿವಿಯ ಹಿಂದಿನ ವೈರುಗಳನ್ನೆಲ್ಲ ಒಟ್ಟಿಗೆ ಹಿಡಿದು ಎಳೆಯಲು ಹೋದ. ಗಿರಿಜಾದೇವಿ ಚೀರಿದರು.

"ಆ ಡಬ್ಬಿ ವೈರು ಕೀಳಬೇಡ್ವೋ! ಕಂಪನಿಯೋರು ಕೇಳ್ತಾರೆ!"

"ಯಾವ ಕಂಪನಿ? ಕೇಬಲ್ಲಿನೋರದ್ದಲ್ವಾ ಇದು?"

ತಾಯಿ ಸೆರಗಿನ ತುದಿ ತಿರುಚಿದರು. "ಯಾರಿಗೂ ಹೇಳ್ಬಾರ್ದು ಅಂದಿದ್ರು. ಮನೆದೇವ್ರ ಮೇಲೆ ಮಾತು ಕೊಟ್ಟಿದ್ದೆ. ಸಂಕ್ರಾಂತಿ ಆದ್ಮೇಲೆ ಬಂದು ಕೂರ್ಸಿದ್ರು. ಯಾವ ಪ್ರೋಗ್ರಾಂ ಯಾರು ನೋಡ್ತಾರೆ ಅಂತ ಲೆಕ್ಕ ಹಿಡಿಯೋ ಡಬ್ಬಿಯಂತೆ. ನಮ್ಮ ಏರಿಯಾಗೆಲ್ಲ ನಮ್ಮನೇನೇ ಆರಿಸಿದಾರೆ. ಒಂದನೇ ಬಟನ್ನು ನಾನು, ಎರಡನೇದು ನೀನು. ವಯಸ್ಸು ಮೂವತ್ತು, ಡಬಲ್ ಡಿಗ್ರಿ ಅಂತ ಬರೆಸಿದೀನಿ." ಅವರ ದನಿಯಲ್ಲಿ ಹೆಮ್ಮೆ ಇಣುಕಿತು. "ನೀನು ಕೂತಾಗೆಲ್ಲ ಎರಡು ಒತ್ತಿದೀನಿ. ಒಂದು ದಿನಾನೂ ಮೋಸ ಮಾಡಿಲ್ಲ."

ಶಿವಕಿರಣ್ ವೈರುಗಳನ್ನು ಬಿಟ್ಟು ಆ ಡಬ್ಬಿಯತ್ತ ತಿರುಗಿದ. ವಿಜಯನಗರದ ಡಬಲ್ ಡಿಗ್ರಿ ಮೂರ್ಖರೆಲ್ಲ ಅದರ ಪಕ್ಕದಲ್ಲೇ, ಎಣ್ಣೆ ಮೆತ್ತಿದ ತಲೆಯಲ್ಲಿ ನಿಂತಿದ್ದರು.

ಅಷ್ಟರಲ್ಲಿ ಗಂಟೆ ಎಂಟಾಯಿತು. ಚಕ್ರಪಾಣಿಯವರ ಮನೆಯಿಂದ 'ಮೂರನೇ ಮಹಡಿ ಮಂದಿ'ಯ ಸಂಗೀತ ತೇಲಿಬಂತು. ಗಿರಿಜಾದೇವಿ ಅಭ್ಯಾಸದಂತೆ ಚಿಕ್ಕ ರಿಮೋಟು ಕೈಗೆತ್ತಿಕೊಂಡು ಮಗನ ಮುಖ ನೋಡಿದರು.

"ನಿಂದು ಒತ್ಲೋ, ಬೇಡ್ವೋ?"

ಶಿವಕಿರಣ್ ಕನ್ನಡಕ ಒರೆಸಿಕೊಂಡ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು, ಸಂಚಿಕೆಯ ಸಂಖ್ಯೆ ಬರೆದು, ಕೆಳಗೆ ಗೆರೆ ಎಳೆದ.

"ಒತ್ತಮ್ಮ," ಎಂದ. "ಇವತ್ತಿಂದು ನೋಡ್ದೆ ಆ ಡಬ್ಬಿ ಕಂಪನಿಗೆ ದೂರು ಹೇಗೆ ಬರೀಲಿ?"