ವೀರಭದ್ರನ ಬಲಗೈ ಯಾವ ಕಡೆ

ಮನುಷ್ಯ ತನ್ನಿಷ್ಟದಂತೆ ನಡೆಯುತ್ತಾನೋ, ಇಲ್ಲಾ ಎಲ್ಲವನ್ನೂ ಮೇಲಿನವನು ಮೊದಲೇ ಬರೆದಿಟ್ಟಿರುತ್ತಾನೋ ಎಂಬ ಪ್ರಶ್ನೆಗೆ ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ಗಡ್ಡ ಬಿಟ್ಟು ಕಾಡಿಗೆ ಹೋದವರಿದ್ದಾರೆ, ಗಡ್ಡ ಬೋಳಿಸಿಕೊಂಡು ಮಠಕ್ಕೆ ಹೋದವರಿದ್ದಾರೆ. ನಾನು ಎಲ್ಲಿಗೂ ಹೋಗಲಿಲ್ಲ. ಚಳ್ಳಕೆರೆಯ ನಮ್ಮ ಮನೆ ಜಗಲಿ ಮೇಲೆ ಕೂತು, ಎದುರಿನ ಎಣ್ಣೆ ಮಿಲ್ಲಿನಿಂದ ಬರುವ ಶೇಂಗಾ ಹಿಂಡಿಯ ವಾಸನೆ ತಗೊಳ್ಳುತ್ತಾ, ಮೂವತ್ತು ವರ್ಷದ ಹಿಂದೆಯೇ ಇದನ್ನು ಬಗೆಹರಿಸಿಬಿಟ್ಟಿದ್ದೆ. ಮನುಷ್ಯ ಸ್ವತಂತ್ರ, ದೇವರಿಗೂ ನಮ್ಮ ದಿನಚರಿಗೂ ಸಂಬಂಧವಿಲ್ಲ, ಅಷ್ಟೇ. ಈಚೆಗೆ ಆ ತೀರ್ಮಾನ ಸ್ವಲ್ಪ ಅಲ್ಲಾಡಿದೆ. ಅಲ್ಲಾಡಿಸಿದ್ದು ಯಾವ ಗ್ರಂಥವೂ ಅಲ್ಲ, ಒಂದು ಟೇಬಲ್ ಫ್ಯಾನು.

ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವನು. ಪ್ರತಿ ವರ್ಷ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಅಶೋಕನ ಶಾಸನದ ಬಂಡೆ ಮುಂದೆ ನಿಲ್ಲಿಸಿ ಭಾಷಣ ಬಿಗಿಯುತ್ತಿದ್ದೆ. ನೋಡ್ರಪ್ಪಾ, ಪ್ರಯತ್ನಪಟ್ಟರೆ ಸಣ್ಣವರೂ ದೊಡ್ಡ ಫಲ ಪಡೀಬಹುದು ಅಂತ ಈ ಕಲ್ಲೇ ಹೇಳ್ತೈತೆ, ಹಣೆಬರಹ ಅಂತ ಕೈಕಟ್ಟಿ ಕೂರಬಾರದು ಅಂತ. ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬುತ್ತಿ ಯಾವಾಗ ಬಿಚ್ಚುತ್ತಾರೆ ಅಂತ ನೋಡುತ್ತಿದ್ದವು. ಇಂಥ ನಾನು ಹೋಟೆಲಿಗೆ ಹೋದರೆ ಇಡ್ಲಿಯೋ ದೋಸೆಯೋ ಅಂತ ಹೇಳೋದಕ್ಕೆ ಕಾಲು ಗಂಟೆ ಬೇಕು. ಸಪ್ಲೈಯರ್ ಎರಡು ಸಲ ಬಂದು ಹೋಗಿ, ಮೂರನೇ ಸಲ ತನಗೆ ತೋಚಿದ್ದು ತಂದಿಟ್ಟುಬಿಡುತ್ತಾನೆ, ನಾನು ಅದನ್ನೇ ತಿಂದು ಬರುತ್ತೇನೆ. ನನ್ನ ಅಂಗಿಯ ಬಣ್ಣ, ಮನೆಯ ಬಣ್ಣ, ಮಗಳ ಹೆಸರು, ಒಂದನ್ನೂ ನಾನು ಆರಿಸಿದ್ದಲ್ಲ. ಸ್ವಾತಂತ್ರ್ಯ ಇದೆ ಅಂತ ನಂಬೋದು ಬೇರೆ, ಅದನ್ನು ಬಳಸೋದು ಬೇರೆ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಎಲ್ಲವನ್ನೂ ಆರಿಸುತ್ತಿದ್ದವಳು ನನ್ನ ಹೆಂಡತಿ ನಾಗವೇಣಿ. ಮೊಳಕಾಲ್ಮೂರಿನ ನೇಕಾರರ ಮನೆ ಮಗಳು. ತಮಾಷೆ ಏನೆಂದರೆ, ತಾನು ಏನೂ ಮಾಡೋದಿಲ್ಲ, ಎಲ್ಲ ವೀರಭದ್ರಸ್ವಾಮಿ ಮಾಡಿಸೋದು ಅಂತ ಅವಳ ದೃಢ ನಂಬಿಕೆ. ಅವಳ ತವರಿನ ಕೇರಿಯಲ್ಲಿ ಒಂದು ಸಣ್ಣ ವೀರಭದ್ರನ ಗುಡಿ ಇದೆ. ಅಲ್ಲಿ ಹೂ ಕೇಳುವ ಪದ್ಧತಿ. ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆ ಹೂ ಮೊದಲು ಬಿದ್ದರೆ ದೇವರು ಹೂಂ ಅಂದ ಹಾಗೆ, ಎಡಗಡೆಯದು ಬಿದ್ದರೆ ಬೇಡ ಅಂದ ಹಾಗೆ. ನಮ್ಮ ಮನೆ ಕಟ್ಟಿದ್ದು, ಬೋರ್‌ವೆಲ್ ಕೊರೆಸಿದ್ದು, ಮಗಳನ್ನು ದಾವಣಗೆರೆಗೆ ಕೊಟ್ಟಿದ್ದು, ಎಲ್ಲಕ್ಕೂ ಬಲಗಡೆ ಹೂ ಬಿದ್ದಿದೆ. ನಾನು ಗಮನಿಸಿದ್ದು ಏನೆಂದರೆ, ಬೋರ್‌ವೆಲ್ ಲಾರಿಯವನಿಗೆ ಇಂಥ ದಿನ ಬಾರಪ್ಪಾ ಅಂತ ಹೇಳಿ ಬಂದ ಮೇಲೆ ಅವಳು ಹೂ ಕೇಳಿದ್ದು. ಎಡಕ್ಕೆ ಬಿದ್ದರೆ ಬಿಡುತ್ತಿರಲಿಲ್ಲ, ಮುಂದಿನ ಸೋಮವಾರ ಮತ್ತೆ ಹೋಗಿ ಕೇಳುತ್ತಿದ್ದಳು. ಇದೇನೇ ನ್ಯಾಯ ಅಂದರೆ, ಸ್ವಾಮಿ ಬೇಡ ಅಂದಿಲ್ಲ, ಇವತ್ತು ಬೇಡ ಅಂದವ್ನೆ ಅನ್ನುತ್ತಿದ್ದಳು. ದೇವರ ಸಂಕಲ್ಪವನ್ನೂ ಮನುಷ್ಯಪ್ರಯತ್ನವನ್ನೂ ಇಷ್ಟು ಸಲೀಸಾಗಿ ಒಂದೇ ಒಲೆ ಮೇಲೆ ಬೇಯಿಸಿದವರನ್ನು ನಾನು ಬೇರೆ ಕಂಡಿಲ್ಲ. ನಾನು ಮಾತ್ರ ವಿಚಾರವಾದಿಯಾದ್ದರಿಂದ ಗುಡಿಯೊಳಕ್ಕೆ ಹೋಗದೆ ಹೊರಗೆ ಕಟ್ಟೆ ಮೇಲೆ ಕೂತು ಎಲ್ಲರ ಚಪ್ಪಲಿ ಕಾಯುತ್ತಿದ್ದೆ.

ಹೋದ ವರ್ಷ ನಾನು ನಿವೃತ್ತನಾದೆ. ಇನ್ನು ಮೇಲೆ ಬೆಳಿಗ್ಗೆ ಆರಕ್ಕೆ ಕಾಫಿ, ಎಂಟಕ್ಕೆ ಬಿಸಿ ರೊಟ್ಟಿ ಶೇಂಗಾ ಚಟ್ನಿ, ಮಧ್ಯಾಹ್ನ ಮುದ್ದೆ, ಆಮೇಲೆ ನಿದ್ದೆ ಅಂತ ಒಂದು ಸುಂದರವಾದ ವೇಳಾಪಟ್ಟಿ ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಎರಡು ತಿಂಗಳೂ ಆಗಿಲ್ಲ, ಒಂದು ದಿನ ರೊಟ್ಟಿ ತಟ್ಟುತ್ತಾ ನಾಗವೇಣಿ ಸಮಾಚಾರ ಎತ್ತಿದಳು. ಅವಳ ತಮ್ಮ ತಿಪ್ಪೇಸ್ವಾಮಿಗೆ ಸೊಂಟ ನೋವು, ಮಗ್ಗದಲ್ಲಿ ಕೂರಬೇಡ ಅಂತ ಡಾಕ್ಟರು ಹೇಳಿದ್ದಾರೆ, ಅಪ್ಪನ ಕಾಲದ ಮಗ್ಗ ಖಾಲಿ ನಿಂತಿದೆ. ಯಾರೋ ಬೇರೆಯವರು ಕೇಳಿದ್ದಾರೆ, ಬರುವ ಭಾನುವಾರ ಬಿಚ್ಚಿ ತಗೊಂಡು ಹೋಗುತ್ತಾರೆ. ಅದರೊಳಗೆ ತಾನು ಹೂಂ ಅಂದರೆ ಮಗ್ಗ ತನಗೆ. ಸೋಮವಾರ ಹೋಗೋದು, ತಮ್ಮನ ಮನೇಲೇ ಇದ್ದು ನೇಯೋದು, ಶುಕ್ರವಾರ ಸಂಜೆ ಬಸ್ಸಿಗೆ ಬರೋದು. ಇಷ್ಟು ಹೇಳಿ ಅವಳು ನನ್ನ ಮುಖ ನೋಡದೆ ರೊಟ್ಟಿ ತಿರುವಿ ಹಾಕಿದಳು.

ಇದರ ಹಿಂದಿನ ಕಥೆ ನನಗೆ ಗೊತ್ತಿತ್ತು. ಹತ್ತೊಂಬತ್ತನೇ ವಯಸ್ಸಿಗೆ ನನ್ನನ್ನು ಮದುವೆಯಾಗಿ ಬಂದಾಗ, ಆ ಮಗ್ಗದ ಮೇಲೆ ಅವಳು ಒಬ್ಬಳೇ ಕೂತು ನೇಯುತ್ತಿದ್ದ ಮೊದಲನೇ ಸೀರೆ ಅರ್ಧಕ್ಕೆ ನಿಂತಿತ್ತು. ನಮ್ಮಪ್ಪ ಮುಹೂರ್ತ ಮುಂದಕ್ಕೆ ಹಾಕಲು ಒಪ್ಪಲಿಲ್ಲ. ಸೆರಗನ್ನು ಅವಳ ತಮ್ಮ ನೇಯ್ದು ಮುಗಿಸಿದ. ಮದುವೆಯಾದ ಹೊಸದರಲ್ಲಿ ಅವಳು ಇದನ್ನು ಒಂದೇ ಸಲ ಹೇಳಿದ್ದು, ಆದರೆ ಇವತ್ತಿಗೂ ಯಾರಾದರೂ ಮೊಳಕಾಲ್ಮೂರು ಸೀರೆ ಉಟ್ಟುಕೊಂಡು ಬಂದರೆ ಮುಖ ನೋಡಿ ಮಾತಾಡಿಸುವ ಮೊದಲು ಸೆರಗು ಹಿಡಿದು ನೋಡುತ್ತಾಳೆ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಆ ಕ್ಷಣ ಕಂಡದ್ದು ವಾರಕ್ಕೆ ನಾಲ್ಕೈದು ದಿನ ತಣ್ಣಗಿರುವ ಒಲೆ. ನಾಚಿಕೆಗೇಡು, ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏನು.

ಬೇಡ ಅಂತ ನೇರ ಹೇಳುವ ಧೈರ್ಯ ಇದ್ದಿದ್ದರೆ ನಾನು ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದೆ. ಅದಕ್ಕೇ ಒಂದು ಉಪಾಯ ಹೂಡಿದೆ. ಇಷ್ಟು ದೊಡ್ಡ ವಿಷಯ, ನಾನ್ಯಾರು ಹೇಳೋಕೆ, ನಡಿ, ಹೂ ಕೇಳೋಣ ಅಂದೆ. ಅವಳ ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. ಮೂವತ್ತೈದು ವರ್ಷದಲ್ಲಿ ನನ್ನ ಬಾಯಿಂದ ಬರದ ಮಾತು ಅದು. ಒಳಗೊಳಗೆ ನನ್ನ ಲೆಕ್ಕಾಚಾರ ಇಷ್ಟೇ: ಹೇಗಾದರೂ ಮಾಡಿ ಒಂದೇ ಒಂದು ಸಲ ಎಡಗಡೆ ಹೂ ಬೀಳಬೇಕು. ಮತ್ತೆ ಕೇಳೋಕೆ ಸೋಮವಾರದ ತನಕ ಕಾಯೋದು ಅವಳದೇ ನೇಮ, ಅಷ್ಟರಲ್ಲಿ ಭಾನುವಾರ ಮಗ್ಗ ಹೋಗಿರುತ್ತದೆ. ದೇವರ ಮೇಲೆ ಭಾರ ಹಾಕಿ ನಾನು ರೊಟ್ಟಿ ಮುರಿಯಬಹುದು.

ಶನಿವಾರ ಮೊಳಕಾಲ್ಮೂರಿಗೆ ಹೋದೆವು. ನಾನು ಚಪ್ಪಲಿ ಬಿಟ್ಟು ಗುಡಿ ಮೆಟ್ಟಿಲು ಹತ್ತಿದ್ದನ್ನು ನೋಡಿ ಪೂಜಾರಿ ಈರಯ್ಯನಿಗೆ ಗಾಬರಿಯೇ ಆಯಿತು. ಆ ಕಡೆ ಊರುಗಳಲ್ಲಿ ಕನ್ನಡ ತೆಲುಗು ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಮಂಚಿದಿ ಮೇಷ್ಟ್ರೇ, ಒಳ್ಳೇದಾತು, ಕೊನೆಗೂ ಸ್ವಾಮಿ ಕರೆಸ್ಕೊಂಡ ಅಂದ. ಒಳಗೆ ಒಲೆಯೊಳಗಿದ್ದ ಹಾಗೆ ಸೆಕೆ. ಯಾರೋ ಭಕ್ತರು ಕೊಟ್ಟ ಟೇಬಲ್ ಫ್ಯಾನು ಗರ್ಭಗುಡಿ ಬಾಗಿಲ ಪಕ್ಕದಲ್ಲಿ ನಮ್ಮ ಕಡೆ ಮುಖ ಮಾಡಿಕೊಂಡು ಗರಗರ ಅನ್ನುತ್ತಿತ್ತು. ಈರಯ್ಯ ಹೂ ಅಂಟಿಸಿ, ಫ್ಯಾನು ಆರಿಸುವ ಮೊದಲು ಕರ್ಪೂರ ಮರೆತೆ ಅಂತ ಹಿಂದಿನ ಕೋಣೆಗೆ ಹೋದ. ಹೂ ಕೇಳುವಾಗ ಫ್ಯಾನು ಆರಿಸಲೇಬೇಕು, ಅಲ್ಲಿ ದೇವರು ಮಾತಾಡಬೇಕೇ ಹೊರತು ಗಾಳಿಯಲ್ಲ ಅಂತ ಅವನ ನಿಯಮ. ನಾಗವೇಣಿ ಆಗಲೇ ಕಣ್ಣು ಮುಚ್ಚಿ ಕೈಮುಗಿದಿದ್ದಳು.

ಆಗ ನಾನು, ಇತಿಹಾಸದ ಮೇಷ್ಟ್ರು, ಬದುಕಿನಲ್ಲಿ ಮೊದಲ ಸಲ ಸ್ವಂತ ಇಚ್ಛೆಯಿಂದ ಒಂದು ಕೆಲಸ ಮಾಡಿದೆ. ಕೈ ಚಾಚಿ ಫ್ಯಾನಿನ ಮುಖ ಎಡಗಡೆಯ ಭುಜದ ಕಡೆ ತಿರುಗಿಸಿದೆ. ಒದ್ದೆ ಆರಿದರೆ ಹೂ ತಾನೇ ಬೀಳುತ್ತದೆ, ಅದು ವಿಜ್ಞಾನ. ಈರಯ್ಯನ ಹೆಜ್ಜೆ ಸದ್ದು ಕೇಳಿಸಿದಾಗ ಮತ್ತೆ ಮೊದಲಿನ ಹಾಗೇ ಇಟ್ಟು ಕೈಮುಗಿದು ನಿಂತೆ. ಅವನು ಬಂದು ಫ್ಯಾನು ಆರಿಸಿ, ಕರ್ಪೂರ ಹಚ್ಚಿ, ಕೇಳ್ಕೊಳಮ್ಮಾ ಅಂದ. ನನ್ನ ಎದೆ ಡವಡವ ಅನ್ನುತ್ತಿತ್ತು. ಪಾಪಪ್ರಜ್ಞೆಯೋ ಅಂತ ನೋಡಿಕೊಂಡೆ, ಅಲ್ಲ, ಉಮೇದು. ಎರಡು ನಿಮಿಷ ಆಗುವುದರೊಳಗೆ ನಾನು ಒಣಗಿಸಿದ ಹೂವೇ ಮೆಲ್ಲಗೆ ಜಾರಿ ಪೀಠದ ಮೇಲೆ ಬಿತ್ತು. ನಾನು ಮುಖವನ್ನು ಬೇಸರಕ್ಕೆ ಸಿದ್ಧ ಮಾಡಿಕೊಂಡು, ಹೋಗಲಿ ಬಿಡು ವೇಣಿ ಅನ್ನೋಕೆ ಬಾಯಿ ತೆರೆದಿದ್ದೆ.

"ಬಲಕ್ಕೆ ಕೊಟ್ಟ ಸ್ವಾಮಿ, ಏನ್ ಲಕ್ಷಣವಾಗಿ ಕೊಟ್ಟ ನೋಡಮ್ಮಾ" ಅಂದ ಈರಯ್ಯ.

ಬಲಕ್ಕಾ? ನನ್ನ ಎಡಗೈಯನ್ನು ನೋಡಿಕೊಂಡೆ, ಹೂವನ್ನು ನೋಡಿದೆ. ಎರಡೂ ಒಂದೇ ಕಡೆ ಇದ್ದವು. ನಂತರ ದೇವರನ್ನು ನೋಡಿದೆ. ದೇವರು ನಮ್ಮ ಕಡೆ ಮುಖ ಮಾಡಿ ನಿಂತಿದ್ದಾನೆ. ನಮ್ಮ ಎಡ ಅವನಿಗೆ ಬಲ. ಹೂ ಬಿದ್ದ ಕಡೆಯ ಕೈಯಲ್ಲೇ ಗೇಣುದ್ದದ ಕತ್ತಿ ಬೇರೆ ಹಿಡಿದಿದ್ದಾನೆ, ಕತ್ತಿ ಹಿಡಿಯುವ ಕೈ ಯಾವುದು ಅಂತ ಒಂಬತ್ತನೇ ಕ್ಲಾಸಿನ ದಡ್ಡ ಹುಡುಗನೂ ಹೇಳುತ್ತಾನೆ. ಮೂವತ್ತೈದು ವರ್ಷ ಹೊರಗೆ ಚಪ್ಪಲಿ ಕಾದವನಿಗೆ ದೇವರ ಬಲಗೈ ಯಾವುದು ಅಂತ ಹೇಗೆ ಗೊತ್ತಾಗಬೇಕು. ನಾಗವೇಣಿ ಆ ಹೂ ಕಣ್ಣಿಗೊತ್ತಿಕೊಂಡು ತಲೆಗೆ ಮುಡಿದಳು. ಅವಳ ಕಣ್ಣು ತುಂಬಿತ್ತು. ನನ್ನ ಕಣ್ಣೂ ತುಂಬಿತ್ತು, ಕಾರಣ ಬೇರೆ.

ಹೀಗೆ ನನ್ನ ಸ್ವತಂತ್ರ ಇಚ್ಛೆಯ ಫಲವಾಗಿ ನಾನು ಅಡಿಗೆ ಕಲಿತೆ. ಮೊದಲ ವಾರ ನನ್ನ ಮುದ್ದೆಯನ್ನು ನಾಯಿ ಮೂಸಿ ನೋಡಿ, ಮರ್ಯಾದೆಗೆ ಒಂದು ಸಲ ಬಾಲ ಅಲ್ಲಾಡಿಸಿ ಹೋಯಿತು. ರೊಟ್ಟಿ ತಟ್ಟಿದರೆ ಆಂಧ್ರದ ಗಡಿಯ ಹಾಗೆ ಎಲ್ಲೆಲ್ಲೋ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತು ಖಾಲಿ ಮನೆಯಲ್ಲಿ ಕೂತು ಯೋಚಿಸುತ್ತಿದ್ದೆ. ಫ್ಯಾನು ತಿರುಗಿಸಿದವನು ನಾನು, ಅದು ನನ್ನಿಚ್ಛೆ. ಆದರೆ ನಾನು ಅಂದುಕೊಂಡದ್ದಕ್ಕೆ ಉಲ್ಟಾ ಆಯಿತು, ಹಾಗಾದರೆ ಅದು ಅವನಿಚ್ಛೆ. ಅವನು ನನ್ನ ಕೈ ತಡೆಯಲಿಲ್ಲ, ಸುಮ್ಮನೆ ನನ್ನ ಕಡೆ ಮುಖ ಮಾಡಿ ನಿಂತಿದ್ದ, ಅಷ್ಟೇ. ಇಷ್ಟಕ್ಕೆ ತಲೆ ಬಿಸಿಯಾಗಿ, ಒಲೆ ಮೇಲಿನ ಸಾರು ಸೀದಿರುತ್ತಿತ್ತು.

ಒಂದು ದಿನ ತಡೆಯಲಾರದೆ ಬುಧವಾರವೇ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ನಾಗವೇಣಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಲಾಳಿ ಈ ಕೈಯಿಂದ ಆ ಕೈಗೆ ಓಡುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಬಂದಿತ್ತು, ಮುಖದಲ್ಲಿ ನಾನು ಮೂವತ್ತೈದು ವರ್ಷ ನೋಡದ ಒಂದು ಹುಡುಗಿ ಇದ್ದಳು. ನನ್ನನ್ನು ನೋಡಿ ನಕ್ಕು, ಕೈ ನಿಲ್ಲಿಸದೆ, ಒಂದು ವಿಷಯ ಕೇಳ್ಬೇಕಿತ್ತು ಅಂದಳು.

"ಅವತ್ತು ಗುಡೀಲಿ ಫ್ಯಾನ್ ತಿರುಗಿಸಿದ್ರಲ್ಲ, ನಂಗೆ ಗೊತ್ತಾಗಿಲ್ಲ ಅಂದ್ಕೊಂಡ್ರಾ? ಕಣ್ಣು ಮುಚ್ಚಿದ್ರೂ ಮುಖಕ್ಕೆ ಬರೋ ಗಾಳಿ ನಿಂತದ್ದು ಗೊತ್ತಾಗಲ್ವಾ?"

ನನಗೆ ನೆಲ ಬಿರಿದು ಆ ಮಗ್ಗದ ಗುಂಡಿಗಿಂತ ಆಳಕ್ಕೆ ಹೋಗಬಾರದೇ ಅನ್ನಿಸಿತು. ಅವಳು ಮುಂದುವರಿಸಿದಳು.

"ಆಮೇಲೆ ಬಲಕ್ಕೆ ಬಿತ್ತಲ್ಲ, ಆವಾಗ ತಿಳೀತು. ಬಾಯಿಬಿಟ್ಟು ಹೋಗು ಅನ್ನೋಕಾಗ್ದೆ, ಮಾಡಬಾರದ ಕೆಲ್ಸ ಮಾಡಿ ನಂಗೆ ಹೂ ಕೊಡಿಸಿದ್ರಿ. ನಿಮ್ಮ ಕೈಲಿ ಅದನ್ನ ಮಾಡಿಸಿದೋನೂ ಅವನೇ ಬಿಡ್ರಿ. ಆದ್ರೂ ಮಾಡಿದೋರು ನೀವೇ ಅಲ್ವಾ, ಅದು ನಂಗೆ ನೆನಪೈತೆ."

ಲಾಳಿ ಮತ್ತೆ ಓಡಿತು. ನಾನು ಅಲ್ಲೇ ನಿಜ ಹೇಳಬೇಕಿತ್ತು. ಬದಲಿಗೆ ಗಂಟಲು ಸರಿಮಾಡಿಕೊಂಡು, ಅಯ್ಯೋ ಅದೇನ್ ಮಹಾ ಅಂದುಬಿಟ್ಟೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಶುಕ್ರವಾರ ಬಂದಾಗಲೆಲ್ಲ ಅವಳು ನನ್ನ ತಟ್ಟೆಗೆ ಒಂದು ರೊಟ್ಟಿ ಜಾಸ್ತಿ ಹಾಕುತ್ತಾಳೆ, ನಾನು ಅದನ್ನು ಕಳ್ಳತನದ ಮಾಲಿನ ಹಾಗೆ ತಿನ್ನುತ್ತೇನೆ. ಹೇಳಿದರೆ ಅವಳ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ನನ್ನ ಹೊಟ್ಟೆ ಕೆಡುತ್ತದೆ. ಇಡ್ಲಿ ದೋಸೆ ಆರಿಸಲಾಗದವನಿಗೆ ಇದು ಸಾಧ್ಯವೇ?

ಕೊನೆಗೆ ಹೋದ ಸೋಮವಾರ, ಸೀರೆಯ ಸೆರಗು ಶುರುಮಾಡುವ ದಿನ, ಅವಳು ಪೂಜೆಗೆ ಹೊರಟಾಗ ನಾನೂ ಹೋದೆ. ಈ ಸಲ ನಾನು ಹೂ ಕೇಳ್ತೀನಿ ಅಂದೆ. ಏನು ಅಂತ ಅವಳು ಕೇಳಲಿಲ್ಲ, ಕೇಳಬಾರದು. ಈರಯ್ಯ ಹೂ ಅಂಟಿಸಿ ಎಂದಿನಂತೆ ಕರ್ಪೂರ ಮರೆತು ಒಳಗೆ ಹೋದ. ನಾನು ಕಣ್ಣು ಮುಚ್ಚಿದೆ. ಸ್ವಾಮೀ, ನಿಜ ಹೇಳೋದಾದರೆ ಬಲಕ್ಕೆ ಕೊಡು, ಮುಚ್ಚಿಡೋದಾದರೆ ಎಡಕ್ಕೆ ಕೊಡು, ನಿನ್ನ ಬಲ, ನನ್ನದಲ್ಲ ಅಂತ ಬಿಡಿಸಿ ಕೇಳಿಕೊಂಡೆ. ಅಷ್ಟರಲ್ಲಿ ಮುಖಕ್ಕೆ ಬರುತ್ತಿದ್ದ ಗಾಳಿ ನಿಂತಿತು. ಪಕ್ಕದಲ್ಲಿ ಬಳೆ ಸದ್ದು. ಕಣ್ಣು ತೆರೆದು ಬೇಡ ಕಣೇ ಅನ್ನುವ ಸ್ವಾತಂತ್ರ್ಯ ನನಗಿತ್ತು. ನಾನು ತೆರೆಯಲಿಲ್ಲ. ನಾನೇನು ಕೇಳಿದ್ದೇನೆ ಅಂತಲೂ ಗೊತ್ತಿಲ್ಲದೆ, ನನಗೊಂದು ಹೂಂ ಸಿಗಲಿ ಅಂತ ಅವಳು ಫ್ಯಾನು ತಿರುಗಿಸಿದ್ದಳು, ಮತ್ತು ದೇವರ ಬಲಗೈ ಯಾವುದು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬಲಕ್ಕೇ ಬಿತ್ತು. ಬರುವಾಗ ಮೆಟ್ಟಿಲ ಮೇಲೆ, ಕೇಳಿದ್ದು ಆತಾ ಅಂದಳು. ಆತು ಅಂದೆ. ಅಪ್ಪಣೆಯಂತೂ ಆಗಿದೆ, ದೇವರದೋ ಹೆಂಡತಿಯದೋ ಅಂತ ವಿಚಾರ ಮಾಡುತ್ತಾ ಕೂರುವ ಹಾಗಿಲ್ಲ, ಇಬ್ಬರಲ್ಲಿ ಯಾರ ಮಾತನ್ನೂ ಮೀರುವ ಗಂಡಸು ನಾನಲ್ಲ. ಬಾಯಿಬಿಟ್ಟು ಹೇಳಲಂತೂ ಆಗಲಿಲ್ಲ. ಅದಕ್ಕೇ ಇಷ್ಟನ್ನೂ ಬರೆದೆ. ಇಲ್ಲಿಯವರೆಗಿನ ಹಾಳೆಗಳನ್ನು ಇವತ್ತು ಬೆಳಿಗ್ಗೆ ಅವಳ ಬಸ್ಸಿನ ಚೀಲದೊಳಗೆ, ರೊಟ್ಟಿ ಗಂಟಿನ ಬಲಗಡೆ ಇಟ್ಟಿದ್ದೇನೆ. ಬಸ್ಸು ಹೊರಟ ಮೇಲೆ ನೆನಪಾಯಿತು, ಚೀಲ ಕಟ್ಟುವಾಗ ನಾನು ಅದರ ಎದುರಿಗೆ ಕೂತಿದ್ದೆ.