ತಲಕಾಡಿನ ಮರಳು ನಂಜನಗೂಡಿನ ಮಣ್ಣಿನಂತೆ ವರ್ತಿಸತಕ್ಕ ಬಗ್ಗೆ

ಮಳಿಗೆ ಸಂಕೀರ್ಣಗಳ ವಿದ್ಯುತ್ ಸುರಕ್ಷತಾ ಉಪವಿಭಾಗ
ಶಿಬಿರ: ನಂಜನಗೂಡು

ಸಂಖ್ಯೆ: ಮಸಂ/ವಿಸು/ಅರ್ಥಿಂಗ್/ಮರಳು/೪೧

ವಿಷಯ: ತಲಕಾಡು ಮಳಿಗೆ ಸಂಕೀರ್ಣದಲ್ಲಿ ಶಾಕ್ ಹೊಡೆಯುತ್ತಿದೆ ಎಂಬ ಅಪಪ್ರಚಾರವನ್ನು ತಡೆಗಟ್ಟುವ ಕುರಿತು.

ಉಲ್ಲೇಖ:
೧. ಸದರಿ ಸಂಕೀರ್ಣದ ಟಿಫನ್ ಮಳಿಗೆಯಲ್ಲಿ ಹಿಟ್ಟು ರುಬ್ಬುವ ಶ್ರೀಮತಿ ಮಾದಮ್ಮ ಅವರ ಮೌಖಿಕ ದೂರು.
೨. ಸದರಿಯವರ ಅದೇ ದೂರು, ಮತ್ತೊಮ್ಮೆ.
೩. ಕಿರಿಯ ಇಂಜಿನಿಯರ್ ಕುಮಾರಿ ಸಂಘಮಿತ್ರಾ ಅವರ ವರದಿ. (ಯಾರೂ ಕೇಳಿರಲಿಲ್ಲ.)

ನಂಜನಗೂಡಿನ ಮಳಿಗೆ ಸಂಕೀರ್ಣಕ್ಕಾಗಿ ತಯಾರಿಸಿದ ಅರ್ಥಿಂಗ್ ನಕ್ಷೆಯು ಅಲ್ಲಿನ ಕಪ್ಪು ಮಣ್ಣಿನಲ್ಲಿ ತೃಪ್ತಿಕರವಾಗಿ ಕೆಲಸ ಮಾಡುತ್ತಿದ್ದು, ಅದೇ ನಕ್ಷೆಯಲ್ಲಿ ಊರಿನ ಹೆಸರನ್ನು ಮಾತ್ರ ತಿದ್ದಿ ತಲಕಾಡಿಗೂ ಅನ್ವಯಿಸಲಾಗಿರುತ್ತದೆ. ಇದು ಈ ಕಚೇರಿಯಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ. ಯಂತ್ರದಿಂದ ಸೋರಿದ ಕರೆಂಟು ಅರ್ಥ್ ತಂತಿ ಹಿಡಿದು ನೆಲಕ್ಕಿಳಿಯಬೇಕೆಂಬುದು ನಕ್ಷೆಯ ಆಶಯ. ಆದರೆ ತಲಕಾಡಿನ ಒಣ ಮರಳು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲವೆಂದೂ, ಅದು ಗ್ರೈಂಡರಿನ ಮೈಮೇಲೆಯೇ ನಿಂತು ಮುಟ್ಟಿದವರನ್ನು ಹಿಡಿಯುತ್ತಿದೆಯೆಂದೂ ಉಲ್ಲೇಖ ೩ರಲ್ಲಿ ತಿಳಿಸಲಾಗಿದೆ. ಮೇಲಧಿಕಾರಿಗಳು ಅನುಮೋದಿಸಿದ ನಕ್ಷೆಯನ್ನು ಮರಳು ರಾಜಾರೋಷವಾಗಿ ಉಲ್ಲಂಘಿಸುತ್ತಿರುವುದು ಈ ಕಚೇರಿಗೆ ತೀವ್ರ ಬೇಸರ ತಂದಿದೆ. ಆದ್ದರಿಂದ ಕೆಳಕಂಡಂತೆ ಆದೇಶಿಸಲಾಗಿದೆ.

೧. ತಲಕಾಡಿನ ಮರಳು ಇನ್ನು ಮುಂದೆ ನಂಜನಗೂಡಿನ ಕಪ್ಪು ಮಣ್ಣಿನಂತೆ ವರ್ತಿಸತಕ್ಕದ್ದು. ಈ ಕಂಡಿಕೆಯನ್ನು ಅರ್ಥಿಂಗ್ ಗುಂಡಿಯ ಬಳಿ ನಿಂತು ಗಟ್ಟಿಯಾಗಿ ಓದಿ ಹೇಳತಕ್ಕದ್ದು.

೨. ಶ್ರೀಮತಿ ಮಾದಮ್ಮ ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಇಟ್ಟು ರುಬ್ಬಾಕೆ ಕೈ ಮಡುಗುದ್ರೆ ಜುಮ್ ಅಂತದೆ ಸಾ. ನೆಲ ತೊಳ್ದಿರೋ ನೀರ್ನಲ್ಲೇ ನಿಂತ್ಕಂಡು ರುಬ್ಬಬೇಕು. ನೆನ್ನೆ ಎರಡು ಕೈನೂ ಇಡ್ಕಬುಡ್ತು, ಬುಡ್ನೇ ಇಲ್ಲ. ಪಕ್ಕದಂಗ್ಡಿ ಚಲುವಯ್ಯ ಓಡ್ಬಂದು ಪ್ಲಗ್ ಕಿತ್ತಾಕ್ದ, ಅದ್ಕೇ ಬದುಕ್ಕಂಡೆ. ಇಲ್ದಿದ್ರೆ ಓಗ್ಬುಡ್ತಿದ್ದೆ ಕಣ್ರೀ." ಪರಿಶೀಲಿಸಲಾಗಿ, "ಜುಮ್" ಎಂಬುದು ಅಂಗೀಕೃತ ಮಾಪನವಲ್ಲ. ಮೇಲಾಗಿ ದೂರುದಾರರು ಖುದ್ದು ಜೀವಂತವಾಗಿ ಹಾಜರಾಗಿ ದೂರು ನೀಡಿರುವುದರಿಂದ ಯಾವುದೇ ಹಾನಿ ಸಾಬೀತಾಗಿರುವುದಿಲ್ಲ.

೩. ಶ್ರೀ ಚಲುವಯ್ಯ ಅವರು ಪರವಾನಗಿ ಇಲ್ಲದೆ ಪ್ಲಗ್ ಕಿತ್ತಿರುವುದು ಗಂಭೀರ ಲೋಪ. ಯಾರನ್ನಾದರೂ ಕರೆಂಟು ಹಿಡಿದುಕೊಂಡದ್ದು ಕಂಡುಬಂದಲ್ಲಿ, ಕಂಡವರು ಮೊದಲು ನಂಜನಗೂಡಿಗೆ ಬಂದು ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯ ಮೇಲೆ ಹಿಡಿದುಕೊಂಡವರ ಸಹಿ ಕಡ್ಡಾಯ. ಅವರ ಕೈಗೆ ಬಿಡುವಿಲ್ಲದಿದ್ದಲ್ಲಿ ಹೆಬ್ಬೆರಳ ಗುರುತು ಸಾಕು.

೪. ಕುಮಾರಿ ಸಂಘಮಿತ್ರಾ ಅವರು, ಕರೆಂಟು ಸೋರಿದೊಡನೆ ತಾನಾಗಿ ಬಿದ್ದು ಕರೆಂಟು ಕಡಿಯುವ ರಕ್ಷಣಾ ಸ್ವಿಚ್ಚೊಂದನ್ನು ಸಂಕೀರ್ಣಕ್ಕೆ ಅಳವಡಿಸಿದ್ದರು. ಸದರಿ ಸ್ವಿಚ್ಚು ಗ್ರೈಂಡರ್ ಹಾಕಿದಾಗಲೆಲ್ಲ ಬಿದ್ದು, ಮಹಡಿಯ ಮೇಲಿನ ನಮ್ಮ ಶಾಖಾ ಕಚೇರಿಯ ಏಸಿ ನಿಂತುಹೋಗಿ, ಅಧಿಕಾರಿಗಳು ಬೆವರಿರುತ್ತಾರೆ. ಅವಿಧೇಯತೆಗಾಗಿ ಸ್ವಿಚ್ಚನ್ನು ಅಮಾನತಿನಲ್ಲಿಡಲಾಗಿದ್ದು, ಕರೆಂಟು ಅದರೊಳಗೆ ಹಾಯದಂತೆ ಪಕ್ಕದಿಂದ ಬೇರೆ ತಂತಿ ಎಳೆಯಲಾಗಿದೆ. ಅಮಾನತಿನ ಅವಧಿಯಲ್ಲಿ ಅದು ಗೋಡೆಯ ಮೇಲೆ, ಚಾಲೂ ಸ್ಥಿತಿಯಲ್ಲಿ, ನೋಡಿದವರಿಗೆ ಧೈರ್ಯ ಬರುವಂತೆ ಹಾಜರಿರತಕ್ಕದ್ದು.

೫. ಗ್ರೈಂಡರ್ ರಿಪೇರಿ ಮಾಡಿಸಿ, ಮರಳಿನ ಕೆಳಗೆ ತೇವ ಸಿಗುವವರೆಗೂ ಅರ್ಥಿಂಗ್ ಸಲಾಕೆ ಇಳಿಸಿ, ಸ್ವಿಚ್ಚನ್ನು ಮರಳಿ ಜೋಡಿಸಿದರೆ ಸಾಕೆಂಬ ಸಂಘಮಿತ್ರಾ ಅವರ ಸಲಹೆಯು ಸುಲಭವಾಗಿರುವ ಕಾರಣ ತಿರಸ್ಕರಿಸಲಾಗಿದೆ. ಅವರನ್ನು ಚಿಕ್ಕಯ್ಯನಛತ್ರ ಊರಿನ ವಿದ್ಯುತ್ ಕಂಬಗಳಿಗೆ ನಂಬರು ಬರೆಯಲು ನಿಯೋಜಿಸಲಾಗಿದೆ.

೬. ಸೋಮವಾರ ಬೆಳಿಗ್ಗೆ ಮೇಲಧಿಕಾರಿಗಳ ತಪಾಸಣೆ ಇರುತ್ತದೆ. ಆ ದಿನ ನಂಜನಗೂಡಿನ ಮಣ್ಣನ್ನು ಗೋಣಿಚೀಲದಲ್ಲಿ ತುಂಬಿ, ಚೆನ್ನಾಗಿ ನೆನೆಸಿ, ಉಪ್ಪು ಬೆರೆಸಿ, ಬಸ್ಸಿನಲ್ಲಿ ತಲಕಾಡಿಗೆ ತಂದು, ಅರ್ಥಿಂಗ್ ಅಳೆಯುವ ಮೀಟರಿನ ಕಡ್ಡಿಗಳನ್ನು ಚೀಲದೊಳಗೇ ನೆಟ್ಟು ಅಳತೆ ತೋರಿಸತಕ್ಕದ್ದು. ತಿ. ನರಸೀಪುರದಲ್ಲಿ ಬಸ್ಸು ಬದಲಿಸುವಾಗ ಚೀಲ ಸೋರದಂತೆ ನೋಡಿಕೊಳ್ಳತಕ್ಕದ್ದು. ಈ ಇಲಾಖೆಯು ಯಾವುದೇ ಬಗೆಯ ಸೋರಿಕೆಯನ್ನು ಸಹಿಸುವುದಿಲ್ಲ.

೭. ಶಾಖಾ ಕಚೇರಿಗೆ ಇಡ್ಲಿ ಸದರಿ ಮಳಿಗೆಯಿಂದಲೇ ಬರುತ್ತಿರುವುದರಿಂದ ರುಬ್ಬುವುದನ್ನು ನಿಲ್ಲಿಸುವಂತಿಲ್ಲ. ಶ್ರೀಮತಿ ಮಾದಮ್ಮ ಅವರು ಗ್ರೈಂಡರನ್ನು ಮುಟ್ಟದೆ ರುಬ್ಬತಕ್ಕದ್ದು. ಮುಟ್ಟುವುದು ಅನಿವಾರ್ಯವಾದಲ್ಲಿ ನೆಲವನ್ನು ಮುಟ್ಟಬಾರದು.

೮. ಆದಾಗ್ಯೂ, ತಪಾಸಣೆಯ ಸಮಯಕ್ಕೆ ಕಂಡಿಕೆ ೭ನ್ನು ಸಡಿಲಿಸಲಾಗಿದೆ. ಶ್ರೀಮತಿ ಮಾದಮ್ಮ ಅವರು ಮೇಲಧಿಕಾರಿಗಳ ಎದುರು, ಎಂದಿನಂತೆ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು, ಚಾಲೂ ಇರುವ ಗ್ರೈಂಡರನ್ನು ಎರಡೂ ಕೈಗಳಿಂದ ಹಿಡಿದು, ಸಂಕೀರ್ಣವು ಸುರಕ್ಷಿತವಾಗಿದೆ ಎಂಬುದನ್ನು ನಗುಮುಖದಿಂದ ಸಾಬೀತುಪಡಿಸತಕ್ಕದ್ದು. ಅಷ್ಟರಲ್ಲಿ ಯಾರೂ ಓಡಿಬಂದು ಪ್ಲಗ್ ಕೀಳಬಾರದು. ಫೋಟೋ ತೆಗೆಯುವವರು ದೂರದಲ್ಲಿ, ಒಣ ಹಲಗೆಯ ಮೇಲೆ ನಿಲ್ಲತಕ್ಕದ್ದು.

ಈ ಆದೇಶವನ್ನು ಪಾಲಿಸಲು ಯಾರಿಗಾದರೂ ಭಯವಿದ್ದಲ್ಲಿ, ಅಂಥ ಭಯವನ್ನು ಈ ಮೂಲಕ ರದ್ದುಪಡಿಸಲಾಗಿದೆ.

ಸಹಿ/- (ಅಸ್ಪಷ್ಟ)
ಅಧೀಕ್ಷಕರು
ಅರ್ಥಿಂಗ್ ಮತ್ತು ಶಿಸ್ತು ಶಾಖೆ

ಪ್ರತಿಗಳು:
೧. ಸಂಕೀರ್ಣದ ಸೂಚನಾ ಫಲಕಕ್ಕೆ. ಫಲಕವು ಕಬ್ಬಿಣದ್ದಾಗಿರುವುದರಿಂದ ಮುಟ್ಟದೆ ಅಂಟಿಸುವುದು.
೨. ಶ್ರೀ ಚಲುವಯ್ಯ ಅವರಿಗೆ, ಸೋಮವಾರ ಅಂಗಡಿ ಮುಚ್ಚಿ ಊರಲ್ಲಿ ಇರದಂತೆ ತಿಳಿಸಿ.
೩. ಶಾಖಾ ಕಚೇರಿಯ ಏಸಿ ನಿರ್ವಾಹಕರಿಗೆ.
೪. ಶ್ರೀಮತಿ ಮಾದಮ್ಮ ಅವರ ವಾರಸುದಾರರಿಗೆ, ಭಾನುವಾರದವರೆಗೆ ಮಾಹಿತಿಗಾಗಿ, ಸೋಮವಾರದಿಂದ ಅಗತ್ಯ ಕ್ರಮಕ್ಕಾಗಿ.